ದಿನಾ ಸೈಕಲಲ್ಲಿ ಕೆಲಸಕ್ಕೆ, ಜೊತೆಗೆ ಹಾಫ್ ಮ್ಯಾರಥಾನ್ ತಯಾರಿ: ನೀವು ಹೇಗೆ ನಿಭಾಯಿಸುತ್ತೀರಿ?

ಎಲ್ಲರಿಗೂ ನಮಸ್ಕಾರ. ನಾನು ಕೆಲಸಕ್ಕೆ ಸೈಕಲಲ್ಲೇ ಹೋಗಿ ಬರುತ್ತೇನೆ, ಹೋಗಲು 10 ಕಿ.ಮೀ., ಬರಲು 10. ಇನ್ನು ನಾಲ್ಕು ತಿಂಗಳಿಗೆ ಒಂದು ಹಾಫ್ ಮ್ಯಾರಥಾನ್ (21 ಕಿ.ಮೀ. ಓಟ) ಇದೆ, ಅದಕ್ಕೆ ಅಂತ ವಾರಕ್ಕೆ ನಾಲ್ಕು ದಿನ ಓಡಲು ಶುರು ಮಾಡಿದ್ದೇನೆ. ಆದರೆ ಓಡುವ ದಿನ ಕಾಲೇ ಏಳುವುದಿಲ್ಲ. ತೊಡೆ ಬಿಗಿದುಕೊಂಡು ಕಲ್ಲಾಗಿರುತ್ತದೆ. ಸೈಕಲ್ ಬಿಡಲು ಮನಸ್ಸಿಲ್ಲ, ಓಟವನ್ನೂ ಬಿಡುವುದಿಲ್ಲ. ಎರಡನ್ನೂ ಮಾಡುತ್ತಿರುವವರು ದಯವಿಟ್ಟು ನಿಮ್ಮ ಅನುಭವ ಹೇಳಿ.

*

ಎರಡನ್ನೂ ವರ್ಷಗಳಿಂದ ಮಾಡುತ್ತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಲೆಕ್ಕ ಹಾಕೋಣ. ದಿನಕ್ಕೆ 20 ಕಿ.ಮೀ., ಐದು ದಿನಕ್ಕೆ 100 ಕಿ.ಮೀ. ಗಂಟೆಗೆ 20 ಕಿ.ಮೀ. ವೇಗ ಅಂದರೂ ವಾರಕ್ಕೆ ಐದು ಗಂಟೆ ಪೆಡಲ್ ತುಳಿಯುತ್ತೀರಿ. ನಾಲ್ಕು ದಿನದ ಓಟ ಸೇರಿ ಒಂದು ನಾಲ್ಕು ಗಂಟೆ ಇರಬಹುದು. ನೀವು ಲೆಕ್ಕ ಇಡುತ್ತಿರುವುದು ಆ ನಾಲ್ಕು ಗಂಟೆ ಮಾತ್ರ, ಕಾಲು ಮಾಡುತ್ತಿರುವುದು ಒಂಬತ್ತು. ಇದು ಕೆಲಸಕ್ಕೆ ಹೋಗಿದ್ದು, ಇದು ಟ್ರೈನಿಂಗ್ ಅಂತ ತೊಡೆಗೇನು ಗೊತ್ತಾಗುತ್ತದೆ, ಅಲ್ವಾ? ನೀವು ಹಿಡಿದಿರುವ ಪ್ಲಾನ್ ಬಹುಶಃ ದಿನವಿಡೀ ಕುರ್ಚಿಯಲ್ಲಿ ಕೂತು ಓಟ ಒಂದನ್ನೇ ಮಾಡುವವರಿಗೆ ಬರೆದದ್ದು. ಅದನ್ನು ಹಾಗೇ ತಂದು ಸೈಕಲ್ ಮೇಲೆ ಹೇರಿದರೆ ಕಾಲು ಸೋಲುವುದು ಸಹಜ.

ನನ್ನ ಮಟ್ಟಿಗೆ ಓಟ ನಾಲ್ಕು ದಿನದಿಂದ ಮೂರಕ್ಕೆ ಇಳಿಯಬೇಕು. ಒಂದು ವೇಗದ ಓಟ, ಒಂದು ಲಾಂಗ್ ರನ್ (ವಾರದ ಅತಿ ಉದ್ದದ ಓಟ), ಒಂದು ಆರಾಮದ ಓಟ. ಹೃದಯ, ಶ್ವಾಸಕೋಶಕ್ಕೆ ಬೇಕಾದ ಕೆಲಸದ ದೊಡ್ಡ ಪಾಲನ್ನು ಸೈಕಲ್ ಆಗಲೇ ಕೊಡುತ್ತಿದೆ, ಅದಕ್ಕಾಗಿ ಇನ್ನೊಂದು ದಿನ ಓಡಬೇಕಾಗಿಲ್ಲ. ಲಾಂಗ್ ರನ್ ರಜೆಯ ದಿನ ಇಟ್ಟುಕೊಳ್ಳಿ. ಎರಡು ದಿನ ರಜೆ ಇದ್ದರೆ ಎರಡನೆಯ ದಿನ, ಆಗ ಹಿಂದಿನ ದಿನ ಸೈಕಲ್ ಇಲ್ಲದೆ ಕಾಲು ಸುಧಾರಿಸಿಕೊಂಡಿರುತ್ತದೆ. ವೇಗದ ಓಟ ಆದಷ್ಟು ಬೆಳಿಗ್ಗೆ, ಸೈಕಲ್ ಹತ್ತುವ ಮೊದಲೇ ಮುಗಿಯಲಿ. ಸಂಜೆ ಸೈಕಲ್ ತುಳಿದು ಬಂದು ಇಂಟರ್ವಲ್ (ಸ್ವಲ್ಪ ಜೋರಾಗಿ ಓಡಿ, ಸುಧಾರಿಸಿಕೊಂಡು, ಮತ್ತೆ ಜೋರಾಗಿ ಓಡುವುದು) ಮಾಡಲು ಹೋದರೆ ಸುಸ್ತು ಸಿಗುತ್ತದೆ, ವೇಗ ಸಿಗುವುದಿಲ್ಲ. ವಾರದ ಮಧ್ಯೆ ಒಂದು ದಿನ ಬಸ್ಸಲ್ಲೋ ಇನ್ನಾವುದರಲ್ಲೋ ಹೋಗಿ. ಆ ದಿನ ಓಟವೂ ಬೇಡ.

ಇನ್ನು ಸೈಕಲ್ ಹೇಗೆ ತುಳಿಯುತ್ತೀರಿ ಅನ್ನುವುದು. ನಾನು ನೋಡಿದಂತೆ ಹೆಚ್ಚಿನವರ ಕಾಲು ಹೋಗುವುದು ಇಲ್ಲೇ. ಸಿಗ್ನಲ್ ಹಸಿರಾದ ಕೂಡಲೇ ಎದ್ದು ನಿಂತು ಭಾರದ ಗೇರಲ್ಲಿ ಒತ್ತುವುದು, ಪಕ್ಕದಲ್ಲಿ ಯಾರೋ ದಾಟಿ ಹೋದರೆ ಅವರ ಹಿಂದೆ ಬೀಳುವುದು, ಹೊತ್ತಾಯಿತು ಅಂತ ಎದುರು ಗಾಳಿಗೆ ಮೈಯೊಡ್ಡಿ ತುಳಿಯುವುದು. ಇದರಿಂದ ಪೂರ್ತಿ ವಿಶ್ರಾಂತಿಯೂ ಇಲ್ಲ, ಪೂರ್ತಿ ಟ್ರೈನಿಂಗೂ ಅಲ್ಲ, ಎರಡರ ನಡುವಿನ ಆಯಾಸ ಮಾತ್ರ ದಿನಾ ಕೂಡುತ್ತಾ ಹೋಗುತ್ತದೆ. ಹತ್ತು ನಿಮಿಷ ಮೊದಲೇ ಹೊರಡಿ. ತುಳಿಯುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಅಷ್ಟೇ ವೇಗ ಸಾಕು. ಗೇರ್ ಹಗುರ ಇರಲಿ, ನಿಮಿಷಕ್ಕೆ 80ರಿಂದ 90 ಸುತ್ತು. ಎಣಿಸುವುದು ಸುಲಭ: ಬಲ ಮಂಡಿ ಮೇಲೆ ಬಂದಾಗಲೆಲ್ಲ ಒಂದು ಅಂತ 15 ಸೆಕೆಂಡ್ ಎಣಿಸಿ. 20ರಿಂದ 22 ಬಂದರೆ ಸರಿ ಇದೆ. 15 ಬಂತು ಅಂದರೆ ಭಾರದ ಗೇರಲ್ಲಿ ಇದ್ದೀರಿ, ಪ್ರತಿ ಸುತ್ತಿಗೂ ತೊಡೆ ಜಾಸ್ತಿ ಬಲ ಹಾಕುತ್ತಿದೆ. ಸಿಗ್ನಲ್ ದೂರದಿಂದ ಕಾಣುತ್ತಿದ್ದ ಹಾಗೇ, ಪೆಡಲ್ ತಿರುಗುತ್ತಿರುವಾಗಲೇ ಗೇರ್ ಇಳಿಸಿಕೊಳ್ಳಿ. ನಿಂತ ಮೇಲೆ ಇಳಿಸಲು ಹೆಚ್ಚಿನ ಸೈಕಲ್‌ಗಳಲ್ಲಿ ಆಗುವುದಿಲ್ಲ.

ಹಾರ್ಟ್ ರೇಟ್ ವಾಚ್ ಕಟ್ಟುವವರಾದರೆ ಒಂದು ಮಾತು. ಒಂದೇ ಶ್ರಮ ಅನ್ನಿಸಿದರೂ ಸೈಕಲ್ ಮೇಲೆ ಎದೆ ಬಡಿತ ಓಟಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ, ಅನೇಕರಲ್ಲಿ ನಿಮಿಷಕ್ಕೆ ಐದು ಹತ್ತು ಬಡಿತದಷ್ಟು. ಓಟದ ಅಂಕಿ ಇಟ್ಟುಕೊಂಡು ತುಳಿದರೆ ಆರಾಮ ಅಂದುಕೊಂಡೇ ಜೋರಾಗಿ ತುಳಿಯುತ್ತಿರುತ್ತೀರಿ.

ಮೂರು ಕಿ.ಮೀ. ಸೈಕಲ್ ಅಂದರೆ ಒಂದು ಕಿ.ಮೀ. ಓಟ ಅಂತ ಹೇಳುವವರಿದ್ದಾರೆ. ನಾನು ಆ ಲೆಕ್ಕ ಇಡುವುದಿಲ್ಲ. ಗಾಳಿ, ಏರು, ಸಿಗ್ನಲ್ ಎಲ್ಲ ಸೇರಿದರೆ ಒಂದು ದಿನದ 10 ಕಿ.ಮೀ. ಇನ್ನೊಂದು ದಿನದ ಹಾಗಿರುವುದಿಲ್ಲ. ಗಂಟೆಯಲ್ಲಿ ಲೆಕ್ಕ ಇಡಿ.

ಮುಖ್ಯ ವಿಷಯ ಇನ್ನೊಂದಿದೆ. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಸೈಕಲಲ್ಲಿ ಆ ಹೊಡೆತ ಇಲ್ಲ. ಹಾಗಾಗಿ ಸೈಕಲ್ ತುಳಿಯುವವರಿಗೆ ಉಸಿರು ಬೇಗ ಸಿದ್ಧವಾಗುತ್ತದೆ, ಮೂಳೆ ಮತ್ತು ಹಿಮ್ಮಡಿಯ ಸ್ನಾಯುರಜ್ಜು (ಟೆಂಡನ್) ನಿಧಾನವಾಗಿ ಸಿದ್ಧವಾಗುತ್ತವೆ. ಶುರುವಿನ ವಾರಗಳಲ್ಲೇ 12 ಕಿ.ಮೀ. ಓಡಲು ದಮ್ಮು ಇರುತ್ತದೆ, ಕಾಲಿಗೆ ಅಷ್ಟು ತಯಾರಿ ಆಗಿರುವುದಿಲ್ಲ. ದಮ್ಮು ನೋಡಿ ದೂರ ಹೆಚ್ಚಿಸಬೇಡಿ. ಮಾರನೆಯ ದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಮೀನಖಂಡ, ಹಿಮ್ಮಡಿ ಏನು ಹೇಳುತ್ತವೆ ಅದನ್ನು ನೋಡಿ ಹೆಚ್ಚಿಸಿ. ಲಾಂಗ್ ರನ್ನಿನ ಬದಲಿಗೆ ಉದ್ದದ ಸೈಕಲ್ ಸವಾರಿ ಹಾಕಿಕೊಳ್ಳುವುದೂ ಬೇಡ, 21 ಕಿ.ಮೀ. ಹೊಡೆತ ತಡೆಯುವುದನ್ನು ಕಾಲು ಓಡಿಯೇ ಕಲಿಯಬೇಕು.

*

ಮೇಲಿನವರು ಹೇಳಿದ್ದಕ್ಕೆ ನನ್ನದೂ ಸೇರಿಸುತ್ತೇನೆ. ತೊಡೆ ಕಲ್ಲಾಗುತ್ತದೆ ಅಂದ ಕೂಡಲೇ ನನಗೆ ಸೀಟಿನ ಮೇಲೆ ಅನುಮಾನ ಬಂತು. ಗೋಡೆ ಹಿಡಿದು ಸೈಕಲ್ ಮೇಲೆ ಕೂತು, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು, ಪೆಡಲನ್ನು ಪೂರ್ತಿ ಕೆಳಗೆ ತನ್ನಿ. ಕಾಲು ನೇರವಾಗಬೇಕು, ಸೊಂಟ ಪಕ್ಕಕ್ಕೆ ವಾಲಬಾರದು. ಆಮೇಲೆ ಎಂದಿನಂತೆ ಪಾದದ ಮುಂಭಾಗ ಇಟ್ಟು ತುಳಿದಾಗ ಮಂಡಿ ಸ್ವಲ್ಪವೇ ಮಡಚಿರುತ್ತದೆ. ಸೀಟು ತಗ್ಗಿದ್ದರೆ ಮಂಡಿಯ ಮುಂದೆ ನೋವು, ತೀರಾ ಎತ್ತರ ಇದ್ದರೆ ಮಂಡಿಯ ಹಿಂದೆ. ಓಟದಿಂದ ಬಂದ ನೋವು ಅಂತ ಶೂ ಮೇಲೆ ಶೂ ಬದಲಿಸಿದವರು ನನಗೆ ಗೊತ್ತು, ಕೊನೆಗೆ ಸರಿಯಾಗಿದ್ದು ಸೀಟು ಏರಿಸಿದ ಮೇಲೆ. ಬದಲಿಸುವುದಾದರೆ ಒಂದೇ ಸಲ ಜಾಸ್ತಿ ಬೇಡ, ಅರ್ಧ ಸೆಂಟಿಮೀಟರ್ ಏರಿಸಿ, ಕೆಲವು ದಿನ ನೋಡಿ.

ಟೈರಿನ ಗಾಳಿ ವಾರಕ್ಕೊಮ್ಮೆ ನೋಡಿ, ಎಷ್ಟಿರಬೇಕು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಚೈನಿಗೆ ಎಣ್ಣೆ ಇರಲಿ. ಬ್ಯಾಗನ್ನು ಬೆನ್ನಿಗೆ ಹಾಕಿಕೊಳ್ಳುವ ಬದಲು ಕ್ಯಾರಿಯರ್‌ಗೆ ಕಟ್ಟಿ, ಸೊಂಟಕ್ಕೂ ಹೆಗಲಿಗೂ ಆರಾಮ. ಓಡುವ ಶೂ ಹಾಕಿಕೊಂಡು ಸೈಕಲ್ ತುಳಿಯಬೇಡಿ. ಪೆಡಲಿನ ಮೇಲೆ ಚಿಕ್ಕ ಚಿಕ್ಕ ಲೋಹದ ಮೊಳೆ ಇದ್ದರೆ ಶೂವಿನ ತಳವನ್ನು ಅವು ಕೆರೆದು ಹಾಕುತ್ತವೆ. ತಿರುಗಿಸಿ ನೋಡಿದರೆ ಸಾಲಾಗಿ ಗುಳಿ ಬಿದ್ದಿರುವುದು ಕಾಣುತ್ತದೆ.

*

ಊಟದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಓಟ ಶುರು ಮಾಡಿದವರು ಓಡಿದ ದಿನ ಸ್ವಲ್ಪ ಜಾಸ್ತಿ ತಿನ್ನುತ್ತಾರೆ. ಸೈಕಲ್ ಬರೀ ಓಡಾಟ ಅಂದುಕೊಂಡು ಅದಕ್ಕೆ ಅಂತ ಏನೂ ತಿನ್ನುವುದಿಲ್ಲ. ವಾರದ ಕೊನೆಗೆ ಬರುವ ಸುಸ್ತು ಎಷ್ಟೋ ಸಲ ಹಸಿವಿನದ್ದೇ. ಸಂಜೆ ಸೈಕಲ್ ತುಳಿದು ಬಂದು, ಮಾರನೆಯ ಬೆಳಿಗ್ಗೆ ಓಡುವುದಿದ್ದರೆ, ರಾತ್ರಿ ಊಟದಲ್ಲಿ ಕಡಿತ ಮಾಡಬೇಡಿ. ಓಡಿದ ಮೇಲೆ ಸೈಕಲ್ ಹತ್ತುವ ಮೊದಲು ಏನಾದರೂ ತಿಂದೇ ಹೊರಡಿ.

ಹೆಣ್ಣುಮಕ್ಕಳು ಇದನ್ನು ಖಂಡಿತ ಗಮನಿಸಿ. ಟ್ರೈನಿಂಗ್ ಹೆಚ್ಚಾದ ಮೇಲೆ ಮುಟ್ಟು ಏರುಪೇರಾದರೆ ಅಥವಾ ನಿಂತರೆ ಅದು ಫಿಟ್ ಆಗಿರುವ ಗುರುತಲ್ಲ. ದೇಹಕ್ಕೆ ಬೇಕಾದಷ್ಟು ಶಕ್ತಿ ಸಿಗುತ್ತಿಲ್ಲ ಅನ್ನುವ ಸೂಚನೆ ಇರಬಹುದು, ಬೇರೆ ಕಾರಣವೂ ಇರಬಹುದು, ಡಾಕ್ಟರನ್ನು ನೋಡಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಶಕ್ತಿಯ ಕೊರತೆಗೆ ರೆಡ್-ಎಸ್ ಅಂತ ಹೆಸರು ಕೊಟ್ಟಿತು, ಗಂಡಸರಿಗೂ ಇದು ಬರುತ್ತದೆ ಅಂತ ಆಗಲೇ ಹೇಳಿತು. ಮೂಳೆಗೆ ಇದರಿಂದ ದೊಡ್ಡ ಪೆಟ್ಟು.

ಮೂಳೆ ಅಂದಾಗ ಇನ್ನೊಂದು. ಕಾಲಿನ ಮುಂದಿನ ಮೂಳೆಯಲ್ಲಿ ಒಂದೇ ಜಾಗ, ಬೆರಳಿಟ್ಟು ತೋರಿಸುವಷ್ಟು ಸಣ್ಣ ಜಾಗದಲ್ಲಿ ನೋವಿದ್ದು, ಸುಮ್ನೆ ಮಲಗಿದ್ದಾಗಲೂ ನೋಯುತ್ತಿದ್ದರೆ ಓಟ ಅಂದೇ ನಿಲ್ಲಿಸಿ, ತೋರಿಸಿಕೊಳ್ಳಿ. ಮೈಕೈ ನೋವು ಬೇರೆ, ಇದು ಬೇರೆ.

*

ಸಮಯ ಉಳಿಸುವ ಒಂದು ಉಪಾಯ. ಬೆಳಿಗ್ಗೆ ಸೈಕಲಲ್ಲಿ ಹೋಗಿ, ಸಂಜೆ ಸೈಕಲನ್ನು ಅಲ್ಲೇ ಬೀಗ ಹಾಕಿ ಬಿಟ್ಟು, ಮನೆಗೆ ಓಡಿ ಬನ್ನಿ. ಮಾರನೆಯ ದಿನ ಬಸ್ಸಲ್ಲಿ ಹೋಗಿ, ಸಂಜೆ ಸೈಕಲಲ್ಲಿ ಬನ್ನಿ. ಒಂದು ಓಟಕ್ಕೆ ಎರಡು ಸವಾರಿ ಕಡಿಮೆಯಾದವು ನೋಡಿ. ಬಟ್ಟೆ, ಟವೆಲ್ ವಾರದ ಮೊದಲ ದಿನವೇ ಅಲ್ಲಿ ಇಟ್ಟುಬಿಟ್ಟರೆ ಓಡುವಾಗ ಫೋನು, ಬೀಗದ ಕೈ ಬಿಟ್ಟು ಏನೂ ಹೊರಬೇಕಾಗಿಲ್ಲ. 10 ಕಿ.ಮೀ. ಆರಾಮದ ಓಟಕ್ಕೆ ಸರಿಯಾದ ದೂರ, ಶುರುವಿನಲ್ಲಿ ಜಾಸ್ತಿ ಅನ್ನಿಸಿದರೆ ಅರ್ಧ ದಾರಿ ಬಸ್ಸಲ್ಲಿ ಬಂದು ಉಳಿದದ್ದು ಓಡಿ.

*

ಕೇಳಿದವನು ನಾನೇ. ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಮಂಡಿ ಎಣಿಸಿ ನೋಡಿದೆ, 16 ಬಂತು! ಸೀಟೂ ತಗ್ಗಿದೆ. ಇನ್ನೊಂದು ಪ್ರಶ್ನೆ: ಸೈಕಲ್ ಇಳಿದ ತಕ್ಷಣ ಓಡಲು ಹೋದರೆ ಮೊದಲ ಸ್ವಲ್ಪ ಹೊತ್ತು ಕಾಲು ನನ್ನದೇ ಅಲ್ಲ ಅನ್ನಿಸುತ್ತದೆ. ಇದರಿಂದ ತೊಂದರೆ ಇದೆಯಾ?

*

ಮೊದಲು ಉದ್ದ ಬರೆದವನೇ ಉತ್ತರಿಸುತ್ತಿದ್ದೇನೆ. ತೊಂದರೆ ಇಲ್ಲ. ಟ್ರಯಥ್ಲಾನ್ (ಈಜು, ಸೈಕಲ್, ಓಟ ಒಂದರ ಹಿಂದೆ ಒಂದು) ಮಾಡುವವರು ಬೇಕು ಅಂತಲೇ ಹಾಗೆ ಓಡುತ್ತಾರೆ, ಅದಕ್ಕೆ ಬ್ರಿಕ್ ಅಂತ ಹೆಸರು. ಸೈಕಲ್ ಇಳಿದು ಒಂದೆರಡು ನಿಮಿಷ ನಡೆದು, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಶುರು ಮಾಡಿದರೆ ಸ್ವಲ್ಪ ಹೊತ್ತಿಗೆ ಕಾಲು ದಾರಿಗೆ ಬರುತ್ತದೆ. ನಿಮಗೆ ರೇಸಿನಲ್ಲಿ ಸೈಕಲ್ ಇಲ್ಲವಲ್ಲ, ಆದ್ದರಿಂದ ಇದು ಬೇಕೇ ಬೇಕು ಅಂತೇನಿಲ್ಲ. ಸಮಯ ಉಳಿಯುತ್ತದೆ ಅಂತಾದರೆ ಆರಾಮದ ಓಟವನ್ನು ಹಾಗೆ ಮಾಡಿ, ವೇಗದ ಓಟ ಬೇಡ.

16 ಅಂದರೆ ನಿಮಿಷಕ್ಕೆ 64 ಸುತ್ತು, ತೊಡೆ ಬಿಗಿಯುವುದಕ್ಕೆ ಅದೂ ಒಂದು ಕಾರಣ ಆಗಿರಬಹುದು. ಎರಡು ಗೇರ್ ಇಳಿಸಿ ನೋಡಿ, ಮೊದಲ ವಾರ ಸುಮ್ನೆ ಕಾಲಾಡಿಸಿದ ಹಾಗೆ ಅನ್ನಿಸುತ್ತದೆ, ಬಿಡಬೇಡಿ. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ನಿಧಾನಕ್ಕೆ ಇಳಿಸುವ ವ್ಯಾಯಾಮ ವಾರಕ್ಕೆ ಎರಡು ಸಲ ಮಾಡಿ, ಮೀನಖಂಡಕ್ಕೆ ಸೈಕಲಲ್ಲಿ ಸಿಗದ ಕೆಲಸ ಅದು. ಮತ್ತೆ, ರೇಸಿನ ಹಿಂದಿನ ಒಂದೆರಡು ವಾರ ಓಟ ಕಡಿಮೆ ಮಾಡಿ ಅಂತ ಹೆಚ್ಚಿನ ಪ್ಲಾನುಗಳಲ್ಲಿ ಇರುತ್ತದೆ, ಸೈಕಲ್ ಕಡಿಮೆ ಮಾಡಿ ಅಂತ ಅವುಗಳಲ್ಲಿ ಸಾಮಾನ್ಯವಾಗಿ ಬರೆದಿರುವುದಿಲ್ಲ. ನೀವು ಎರಡನ್ನೂ ಇಳಿಸಬೇಕು. ಕೊನೆಯ ವಾರ ಒಂದೆರಡು ದಿನ ಹಗುರಾಗಿ ತುಳಿದರೆ ಸಾಕು, ರೇಸಿನ ಹಿಂದಿನ ಎರಡು ದಿನ ಸೈಕಲ್ ಮನೆಯಲ್ಲೇ ಇರಲಿ.