ಅಪ್‌ಡೇಟ್: ಎಲ್ಲರಿಗೂ ಹೇಳಿಯೇ ಹೊರಟೆ

ನಮ್ಮವರು ತೀರಿಕೊಂಡರು, ಮೈಸೂರು ಬಿಟ್ಟು ಮಗಳ ಜೊತೆ ಪುಣೆಗೆ ಹೋಗಬೇಕು, ಎಲ್ಲರಿಗೂ ಹೇಳಲೋ ಸುಮ್ನೆ ಹೊರಟುಬಿಡಲೋ ಅಂತ ಕೇಳಿದ್ದೆ. ಹೇಳಿಯೇ ಹೋಗಿ ಅಂದಿರಿ. ಹಾಗೇ ಮಾಡಿದೆ.

ಒಬ್ಬೊಬ್ಬರ ಮನೆಗೇ ಹೋದೆ. ಗುಂಪಿನಲ್ಲಿ ಅವರ ಮಾತು ಎತ್ತೋದು ಕಷ್ಟ ಅಲ್ವಾ? ಪಕ್ಕದ ಮನೆ ಹುಡುಗಿ ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲೇ ತಡವರಿಸಿದಳು. “ಕೊಡಮ್ಮ” ಅಂದೆ. ಇಟ್ಟುಕೊಂಡೆ. ಇಬ್ಬರೂ ಅತ್ತೆವು.

ಕುಕ್ಕರಹಳ್ಳಿ ಕೆರೆ ಏರಿಗೂ ಹೋದೆ. ಅವರ ವಾಕಿಂಗ್ ಗೆಳೆಯರು ಗುರುತು ಹಿಡಿದು, ನನಗೆ ಗೊತ್ತೇ ಇರದ ಎಷ್ಟೋ ಸಂಗತಿ ಹೇಳಿದರು. ಹೋಗದಿದ್ದರೆ ಅವೆಲ್ಲ ಕಳೆದುಹೋಗುತ್ತಿದ್ದವು. ವರ್ಷ ತುಂಬುವವರೆಗೆ ಬೆಟ್ಟ ಹತ್ತಬಾರದು ಅಂತಾರೆ, ಚಾಮುಂಡಿಗೆ ಕೆಳಗಿಂದಲೇ ಕೈ ಮುಗಿದೆ.

ವರ್ಷದ ಕಾರ್ಯಕ್ಕೆ ಶ್ರೀರಂಗಪಟ್ಟಣಕ್ಕೆ ಬರುತ್ತೇನೆ. ಆಗ ನಮ್ಮನೆಯಲ್ಲೇ ಉಳೀಬೇಕು ಅಂತ ಗೆಳತಿಯರೆಲ್ಲ ಈಗಲೇ ಮಾತು ತೆಗೆದುಕೊಂಡಿದ್ದಾರೆ.