ಯಕ್ಷಗಾನ ಬಯಲಾಟದ ನೇರಪ್ರಸಾರಕ್ಕೆ ಸಿದ್ಧತೆ: ತಂತ್ರಜ್ಞರನ್ನು ಕೇಳಿ

ನಿರ್ವಾಹಕ: ನೇರಪ್ರಸಾರದ ಕೆಲಸ ಮಾಡುವ ತಂತ್ರಜ್ಞರು ಇಂದು ಗುಂಪಿನಲ್ಲಿದ್ದಾರೆ. ಪ್ರಶ್ನೆಗಳನ್ನು ಹಾಕಿ.

ಉಪನಯನದ ಮನೆಯವರು: ಸರ್, ನಮ್ಮ ಫೈಬರ್ 100 ಎಂಬಿಪಿಎಸ್. ಸಾಕೇ?

ತಂತ್ರಜ್ಞ: ಅದು ಡೌನ್‌ಲೋಡ್ ಇರಬಹುದು. ಬೇಕಾದದ್ದು ಅಪ್‌ಲೋಡ್, ಅಂದರೆ ನಿಮ್ಮಿಂದ ಹೊರಗೆ ಕಳಿಸುವ ವೇಗ. ಅಳೆದು ಹೇಳಿ.

ಆಟದ ಸಮಿತಿ: ಅಣ್ಣ, ದೇವಸ್ಥಾನದ ಎದುರಿನ ಗದ್ದೆಯಲ್ಲಿ ಹರಕೆಯಾಟ. ಮಧ್ಯಾಹ್ನ ಸಿಮ್ ಹಾಕಿ ನೋಡಿದಾಗ ಅಪ್‌ಲೋಡ್ 14 ಬಂತು. ಹೋದ ವರ್ಷವೂ ಹೀಗೆಯೇ ಬಂದಿತ್ತು, ಆದರೆ ಒಡ್ಡೋಲಗದ (ವೇಷಗಳು ರಂಗಕ್ಕೆ ಮೊದಲು ಬರುವ) ಹೊತ್ತಿಗೆ ಚಿತ್ರವೇ ನಿಂತುಹೋಯಿತು. ಧ್ವನಿಯಲ್ಲಿ ಗುಂಯ್ ಎಂಬ ಸದ್ದು ಬೇರೆ.

ತಂತ್ರಜ್ಞ: ಮಧ್ಯಾಹ್ನ ಗದ್ದೆಯಲ್ಲಿದ್ದವರು ನೀವು ಮತ್ತು ಶಾಮಿಯಾನದವರು. ರಾತ್ರಿ ನೂರಾರು ಮೊಬೈಲ್‌ಗಳು ಅದೇ ಟವರಿಗೆ ಜೋತುಬೀಳುತ್ತವೆ, ವೇಷ ಬಂದ ಕೂಡಲೇ ಎಲ್ಲರೂ ವಿಡಿಯೊ ಕಳಿಸುತ್ತಾರೆ. ಖಾಲಿ ಗದ್ದೆಯ ಅಳತೆಯನ್ನು ನಂಬಬೇಡಿ, ಅಲ್ಲಿ ಜನ ಸೇರಿದ ರಾತ್ರಿ ಅಳೆಯಿರಿ. ಹತ್ತಿರದ ಮನೆಯಲ್ಲಿ ಫೈಬರ್ ಇದ್ದರೆ ಕೈಮುಗಿದು ಕೇಳಿ, ಲ್ಯಾನ್ ಕೇಬಲ್ ಎಳೆಯಿರಿ. ವೈಫೈ ಬೇಡ, ಅದರ ಅಲೆಯನ್ನು ಮನುಷ್ಯರ ಮೈ ಹೀರುತ್ತದೆ. ಫೈಬರ್ ಸಿಗದಿದ್ದರೆ ಎರಡು ಬೇರೆ ಬೇರೆ ಕಂಪನಿಯ ಸಿಮ್ ಇರಲಿ. ಚಿತ್ರದ ಗುಣಮಟ್ಟ 720ಪಿ ಸಾಕು, ಬಿಟ್‌ರೇಟ್ (ಪ್ರಸಾರ ಬಳಸುವ ವೇಗ) ಅಪ್‌ಲೋಡಿನ ಅರ್ಧವನ್ನು ದಾಟದಿರಲಿ. ಮುಖವರ್ಣಿಕೆಯ ಗೆರೆ ತುಸು ಮಂಕಾಗಬಹುದು, ಆಟ ನಿಲ್ಲುವುದಿಲ್ಲ. ಕರೆಂಟಿನಿಂದ ಜನರೇಟರಿಗೆ ಬದಲಾಯಿಸುವ ಕ್ಷಣಕ್ಕೆ ರೂಟರ್ ಆರಿ ಮತ್ತೆ ಶುರುವಾಗುತ್ತದೆ, ಚಿಕ್ಕ ಯುಪಿಎಸ್ ಇಡಿ.

ಗುಂಯ್ ಸದ್ದು ಬಹುಶಃ ಅರ್ತಿಂಗಿನ ತಕರಾರು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದೇ. ಮಿಕ್ಸರನ್ನೂ ಚಾರ್ಜರನ್ನೂ ಒಂದೇ ಬೋರ್ಡಿಗೆ ಹಾಕಿ, ಧ್ವನಿಯ ತಂತಿಯಲ್ಲಿ ಐಸೊಲೇಟರ್ (ಈ ಸದ್ದನ್ನು ತಡೆಯುವ ಚಿಕ್ಕ ಸಾಧನ) ಸೇರಿಸಿ. ಅರ್ತಿಂಗ್ ಪಿನ್ ಮಾತ್ರ ಕೀಳಬೇಡಿ, ಒದ್ದೆ ಗದ್ದೆಯಲ್ಲಿ ಜೀವ ಹೋಗುತ್ತದೆ. ಧ್ವನಿಯ ಮಟ್ಟವನ್ನು ‘ಹಲೋ ಹಲೋ’ ಎಂದು ಹೊಂದಿಸಬೇಡಿ. ಚೆಂಡೆಯ ಪೆಟ್ಟು ಬೀಳುವಾಗ ಹೊಂದಿಸಿ.

ಹಿರಿಯ ಸದಸ್ಯ: ಬೇರೆ ಗುಂಪಿನಿಂದ ಬಂದದ್ದು: *401* ಒತ್ತಿ ಕೆಳಗಿನ ಸಂಖ್ಯೆ ಸೇರಿಸಿದರೆ ಇಂಟರ್‌ನೆಟ್ ವೇಗ ದುಪ್ಪಟ್ಟು.

ತಂತ್ರಜ್ಞ: ಯಾರೂ ಒತ್ತಬೇಡಿ! ಅದು ಕರೆ ವರ್ಗಾವಣೆಯ ಸಂಕೇತ. ಓಟಿಪಿ ಹೇಳುವ ಕರೆಯೂ ಕಳ್ಳನಿಗೆ ಹೋಗುತ್ತದೆ. ಈ ವಂಚನೆ ಹೆಚ್ಚಿದ್ದಕ್ಕೇ 2024ರ ಏಪ್ರಿಲ್ 15ರಿಂದ ಇಂಥ ಸೇವೆ ನಿಲ್ಲಿಸಲು ದೂರಸಂಪರ್ಕ ಇಲಾಖೆ ಹೇಳಿತ್ತು. ಡಾಂಗಲ್ (ಸಿಮ್ ಹಾಕುವ ಇಂಟರ್‌ನೆಟ್ ಸಾಧನ) ಹಿಂದೆ ಸ್ಟೀಲ್ ತಟ್ಟೆ ಇಡಿ ಎಂದು ನಿನ್ನೆ ಕಳಿಸಿದವರೂ ನೀವೇ. ದಯವಿಟ್ಟು ಅಳಿಸಿ.

ಛಾಯಾಗ್ರಾಹಕ: ಸರ್, ನನ್ನ ಕ್ಯಾಮೆರಾ ಅರ್ಧ ಗಂಟೆಗೆ ತಾನಾಗಿ ನಿಲ್ಲುತ್ತದೆ. ಏನು ಮಾಡಲಿ?

ಬಡಗಿನ ಅಭಿಮಾನಿ (ಬಡಗು, ತೆಂಕು ಯಕ್ಷಗಾನದ ಎರಡು ತಿಟ್ಟುಗಳು, ಅಂದರೆ ಶೈಲಿಗಳು): ಧ್ವನಿ ಒಡೆಯುವುದು ತೆಂಕಿನ ಚೆಂಡೆಯಿಂದ. ನಮ್ಮದು ಮೈಕಿಗೆ ಹಿತ.

ತೆಂಕಿನ ಅಭಿಮಾನಿ: ಚೆಂಡೆಯನ್ನು ತಾಳಿಕೊಳ್ಳದ ಮೈಕನ್ನು ಬದಲಿಸಿ, ತಿಟ್ಟನ್ನಲ್ಲ.

ಬಡಗಿನ ಅಭಿಮಾನಿ: ಗದ್ದಲವೇ ಹಿಮ್ಮೇಳ ಎಂದುಕೊಂಡವರಿಗೆ ಹೇಳಿ ಫಲವಿಲ್ಲ.

ತೆಂಕಿನ ಅಭಿಮಾನಿ: ಹಾಸಿಗೆಯಲ್ಲಿ ಮಲಗಿ ಮೊಬೈಲಿನಲ್ಲಿ ಆಟ ನೋಡುವವರು ಹಿಮ್ಮೇಳದ ಮಾತೆತ್ತಬಾರದು.

ತಂತ್ರಜ್ಞ: ಚೆಂಡೆಯ ಮೈಕಿನ ಗೇನ್ (ಧ್ವನಿ ಹಿಗ್ಗಿಸುವ ಮಟ್ಟ) ಇಳಿಸಿ. ಎರಡೂ ತಿಟ್ಟಿಗೆ ಅದೇ ಮದ್ದು.

ಹೊಸ ಸದಸ್ಯೆ: ಯೂಟ್ಯೂಬ್ ಚಾನೆಲ್ ಈಗಷ್ಟೇ ತೆರೆದೆ. ಸಂಜೆ ಮೊಬೈಲಿನಿಂದ ಭಜನೆ ಪ್ರಸಾರ ಮಾಡಬಹುದೇ?

ತಂತ್ರಜ್ಞ: ಆಗದು. ಮೊದಲ ಸಲದ ಅನುಮತಿಗೆ 24 ಗಂಟೆ ಹಿಡಿಯಬಹುದು, ಮೊಬೈಲಿನಿಂದಾದರೆ 50 ಚಂದಾದಾರರೂ ಬೇಕು.

ಮತ್ತೊಬ್ಬರು: ನಮ್ಮದು 200 ಎಂಬಿಪಿಎಸ್, ಸಾಕೇ ಸರ್?

ತಂತ್ರಜ್ಞ: ಮೇಲೆ ಓದಿ.

ಛಾಯಾಗ್ರಾಹಕ: ಸರ್, ನನ್ನ ಕ್ಯಾಮೆರಾ?

ಆಟದ ಸಮಿತಿ: ಅಣ್ಣ, ಫೈಬರ್ ಕೊಡಲು ಒಪ್ಪಿದ ಮನೆ 140 ಮೀಟರ್ ದೂರವಿದೆ.

ತಂತ್ರಜ್ಞ: ಲ್ಯಾನ್ ಕೇಬಲಿನ ಮಿತಿ 100 ಮೀಟರ್. ನಡುವೆ ನೆಟ್‌ವರ್ಕ್ ಸ್ವಿಚ್ ಇಡಿ, ಅದಕ್ಕೂ ಯುಪಿಎಸ್ ಬೇಕು. ದಾರಿ ದಾಟುವಲ್ಲಿ ಕೇಬಲನ್ನು ಮೇಲೆ ಕಟ್ಟಿ, ಐಸ್‌ಕ್ರೀಮ್ ಗಾಡಿಯವರು ಅದೇ ದಾರಿಯಲ್ಲಿ ಬರುತ್ತಾರೆ.