‘ಪರ್ಯಾಯ ವಿದ್ಯುತ್’ ಅಂದರೆ ಯಾವುದು? ಒಂದು ಪದದ ತೊಡಕು

ಎಲ್ಲರಿಗೂ ನಮಸ್ಕಾರ.

ಪರಮಾಣು ಸ್ಥಾವರಗಳ ಸುರಕ್ಷತಾ ನಿಯಮಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ದಿನದಿಂದ ಒಂದೇ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ನಾನು ಬರೆದದ್ದು ಹೀಗಿತ್ತು: ‘ಸ್ಥಾವರದಲ್ಲಿ ಪರ್ಯಾಯ ವಿದ್ಯುತ್ ಪೂರ್ತಿ ನಿಂತುಹೋಯಿತು.’ ಬರೆಯುವಾಗ ಸರಿ ಅನ್ನಿಸಿತು. ಮಾರನೇ ದಿನ ಓದಿದರೆ ಎರಡು ಅರ್ಥ ಕಾಣಿಸಿತು.

ನಾನು ಹೇಳಹೊರಟದ್ದು ಎಸಿ, ಅಂದರೆ ಆಲ್ಟರ್ನೇಟಿಂಗ್ ಕರೆಂಟ್. ವಿಜ್ಞಾನದ ಬರಹಗಳಲ್ಲಿ ಎಸಿಗೆ ಪರ್ಯಾಯ ವಿದ್ಯುತ್ ಪ್ರವಾಹ ಅಂತಾರೆ, ಒಂದೇ ದಿಕ್ಕಿಗೆ ಹರಿಯುವ ಡಿಸಿಗೆ (ಡೈರೆಕ್ಟ್ ಕರೆಂಟ್) ನೇರ ವಿದ್ಯುತ್ ಪ್ರವಾಹ. ದಿಕ್ಕು ಬದಲಿಸುತ್ತಾ ಹರಿಯುವುದು ಅನ್ನೋ ಅರ್ಥದಲ್ಲಿ ಅದು ಸರಿ. ಆದರೆ ದಿನದ ಮಾತಿನಲ್ಲಿ ಪರ್ಯಾಯ ಅಂದರೆ ‘ಇದಿಲ್ಲದಿದ್ದರೆ ಅದು’. ಪರ್ಯಾಯ ಮಾರ್ಗ, ಪರ್ಯಾಯ ವ್ಯವಸ್ಥೆ ಅನ್ನುತ್ತೇವಲ್ಲ, ಹಾಗೆ. ಓದುವವರು ‘ಬ್ಯಾಕಪ್ ಕರೆಂಟ್ ಹೋಯಿತು’ ಅಂತಲೇ ತಿಳಿಯುತ್ತಾರೆ. ಬೇರೆ ವಿಷಯವಾಗಿದ್ದರೆ ಹಿಂದುಮುಂದಿನ ಸಾಲು ನೋಡಿ ಅರ್ಥ ಮಾಡಿಕೊಳ್ಳಬಹುದಿತ್ತು. ಇಲ್ಲಿ ಹಿಂದುಮುಂದಿನ ಸಾಲಿನಲ್ಲೂ ಬ್ಯಾಕಪ್ಪಿನದೇ ಮಾತು. ಅದೇ ತೊಂದರೆ.

ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಿಯಾಕ್ಟರ್ ನಿಲ್ಲಿಸಿದರೂ ಅದರ ಬಿಸಿ ನಿಲ್ಲುವುದಿಲ್ಲ. ನಿಲ್ಲಿಸಿದ ಕ್ಷಣದಲ್ಲೂ ಪೂರ್ಣ ಶಕ್ತಿಯ ಸುಮಾರು ಶೇ 6ರಿಂದ 7ರಷ್ಟು ಶಾಖ ಬರುತ್ತಲೇ ಇರುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಅದನ್ನು ತಣಿಸುವ ಪಂಪುಗಳಿಗೆ ಕರೆಂಟ್ ಬೇಕು. ಮೊದಲು ಹೊರಗಿನ ಗ್ರಿಡ್. ಅದು ಹೋದರೆ ತುರ್ತು ಡೀಸೆಲ್ ಜನರೇಟರ್. ಇವೆರಡೂ ಕೊಡುವುದು ಎಸಿ. ಇವುಗಳ ಹಿಂದೆ ಬ್ಯಾಟರಿಗಳಿವೆ, ಅವು ಕೊಡುವುದು ಡಿಸಿ. ಬ್ಯಾಟರಿಯಿಂದ ದೊಡ್ಡ ಪಂಪು ಓಡುವುದಿಲ್ಲ. ಮೀಟರ್, ಕವಾಟ, ಸ್ವಿಚ್ಚುಗಳಿಗೆ ಜೀವ ಇಡುವುದು ಅವೇ.

ಗ್ರಿಡ್ಡೂ ಹೋಗಿ, ಡೀಸೆಲ್ಲೂ ಕೈಕೊಟ್ಟರೆ ಅದಕ್ಕೆ ‘ಸ್ಟೇಷನ್ ಬ್ಲ್ಯಾಕೌಟ್’ ಎನ್ನುತ್ತಾರೆ. ಅಮೆರಿಕದ ಪರಮಾಣು ನಿಯಂತ್ರಣ ಆಯೋಗ 1988ರಲ್ಲಿ ಇದಕ್ಕೇ ಒಂದು ನಿಯಮ ತಂದಿತು. ಆ ನಿಯಮದ ಪ್ರಕಾರ ಬ್ಲ್ಯಾಕೌಟ್ ಅಂದರೆ ಎಸಿ ಹೋಗುವುದು. ಬ್ಯಾಟರಿಯಿಂದ ಇನ್ವರ್ಟರ್ ಮೂಲಕ ಬರುವ ಎಸಿ ಉಳಿದಿದ್ದರೂ ಅದು ಬ್ಲ್ಯಾಕೌಟೇ. ಹಾಗಾಗಿ ‘ಸಂಪೂರ್ಣ ವಿದ್ಯುತ್ ನಿಲುಗಡೆ’ ಅಂತ ಬರೆದರೆ ತಪ್ಪು. ‘ಕಗ್ಗತ್ತಲು’ ಕೂಡ ತಪ್ಪು. ‘ವಿದ್ಯುತ್ ಕಡಿತ’ ಅಂತೂ ಬೇಡವೇ ಬೇಡ. ಕಡಿತ ಅಂದರೆ ಯಾರೋ ಬೇಕೆಂದೇ ಕಡಿದ ಹಾಗೆ.

ಸುಮ್ನೆ ಕೂದಲು ಸೀಳುತ್ತಿದ್ದೇನೆ ಅಂದುಕೊಳ್ಳಬೇಡಿ. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾ ದಾಯಿಚಿ ಪರಮಾಣು ಸ್ಥಾವರದಲ್ಲಿ ಆದದ್ದು ನೋಡಿ. ಭೂಕಂಪಕ್ಕೆ ಗ್ರಿಡ್ ಹೋಯಿತು, ಡೀಸೆಲ್ ಜನರೇಟರುಗಳು ಓಡತೊಡಗಿದವು. ಮುಕ್ಕಾಲು ಗಂಟೆ ಕಳೆದ ಮೇಲೆ ಸುನಾಮಿಯ ನೀರು ನುಗ್ಗಿ 1ರಿಂದ 4ನೇ ಘಟಕಗಳಲ್ಲಿ ಅವೂ ನಿಂತವು. ಅಲ್ಲಿಗೆ ಬ್ಲ್ಯಾಕೌಟ್. ಆದರೆ 1 ಮತ್ತು 2ನೇ ಘಟಕಗಳಲ್ಲಿ ಬ್ಯಾಟರಿಗೂ ನೀರು ನುಗ್ಗಿ ಡಿಸಿ ಕೂಡ ಹೋಯಿತು. ನಿಯಂತ್ರಣ ಕೊಠಡಿಯ ಮೀಟರುಗಳು ಸತ್ತವು. ಕೆಲಸಗಾರರು ಕಾರುಗಳ ಬ್ಯಾಟರಿ ಬಿಚ್ಚಿ ತಂದು, ಟಾರ್ಚ್ ಬೆಳಕಿನಲ್ಲಿ ಮೀಟರುಗಳಿಗೆ ಜೋಡಿಸಿ, ರಿಯಾಕ್ಟರಿನಲ್ಲಿ ನೀರು ಎಷ್ಟಿದೆ ಅಂತ ಓದಲು ಒದ್ದಾಡಿದರು. 3ನೇ ಘಟಕದಲ್ಲಿ ಬ್ಯಾಟರಿ ಉಳಿದಿತ್ತು, ಒಂದು ದಿನಕ್ಕೂ ಜಾಸ್ತಿ ತಾಳಿತು. ಎಸಿ ಹೋದ ಸ್ಥಿತಿ ಬೇರೆ, ಎಸಿ ಡಿಸಿ ಎರಡೂ ಹೋದ ಸ್ಥಿತಿ ಬೇರೆ. ಎರಡಕ್ಕೂ ಒಂದೇ ಪದ ಹಾಕಿದರೆ ಈ ಘಟನೆಯನ್ನು ಕನ್ನಡದಲ್ಲಿ ಹೇಳುವುದಕ್ಕೇ ಆಗುವುದಿಲ್ಲ, ಅಲ್ವಾ?

ಇನ್ನೊಂದು ಗೋಜಲು. ಅದೇ ನಿಯಮದಲ್ಲಿ ‘ಆಲ್ಟರ್ನೇಟ್ ಎಸಿ’ ಅಂತ ಬರುತ್ತದೆ. ಗ್ರಿಡ್ಡೂ ಅಲ್ಲದ, ತುರ್ತು ಡೀಸೆಲ್ಲೂ ಅಲ್ಲದ ಮತ್ತೊಂದು ಎಸಿ ಮೂಲ ಅದು. ಕನ್ನಡಿಸಿದರೆ ‘ಪರ್ಯಾಯ ಪರ್ಯಾಯ ವಿದ್ಯುತ್’!

ನನಗೆ ತೋಚಿದ್ದು ಇಷ್ಟು. ಈ ಬರಹದಲ್ಲಿ ‘ಪರ್ಯಾಯ’ವನ್ನೇ ಕೈಬಿಟ್ಟು ಎಸಿ, ಡಿಸಿ ಅಂತಲೇ ಇಡುವುದು. ಎಸಿ ಅಂದರೆ ಕೋಣೆ ತಂಪು ಮಾಡುವ ಯಂತ್ರ ಅಂದುಕೊಳ್ಳುವವರಿಗೆ ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ ಸಾಕು. ಬ್ಯಾಕಪ್ಪಿಗೆ ‘ಆಸರೆ ವಿದ್ಯುತ್’. ‘ಮೀಸಲು’ ಅಂದರೆ ಎತ್ತಿಟ್ಟದ್ದು ಅನ್ನೋ ಅರ್ಥ ಬರುತ್ತದೆ. ಆಸರೆಯಲ್ಲಿ ಬೀಳುವುದನ್ನು ಹಿಡಿಯುವ ಅರ್ಥ ಇದೆ. ಸ್ಟೇಷನ್ ಬ್ಲ್ಯಾಕೌಟಿಗೆ ಮಾತ್ರ ‘ಸ್ಥಾವರದ ಎಸಿ ನಿಲುಗಡೆ’ಗಿಂತ ಚುರುಕಾದದ್ದು ಹೊಳೆದಿಲ್ಲ.

ಒಂದು ಪದ ತಾನಾಗಿ ಸಿಕ್ಕಿದ್ದು ಖುಷಿ ಕೊಟ್ಟಿತು. ಅಮೆರಿಕದ ಅದೇ ನಿಯಮದ ಪ್ರಕಾರ, ಬ್ಲ್ಯಾಕೌಟ್ ಆದರೆ ಸ್ಥಾವರ ಎಷ್ಟು ಹೊತ್ತು ಹೇಗೋ ನಿಭಾಯಿಸಬಲ್ಲದು ಅಂತ ತೋರಿಸಬೇಕು, ಬಹಳ ಕಡೆ 4 ಅಥವಾ 8 ಗಂಟೆ. ಅದಕ್ಕೆ ‘ತಾಳುವ ಅವಧಿ’ ಅಂದೆ. ತಾಳು ಅನ್ನುವುದರಲ್ಲಿ ಸಹಿಸುವುದೂ ಇದೆ, ಕಾಯುವುದೂ ಇದೆ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಪರಮಾಣು ಸ್ಥಾವರದಲ್ಲಿ ಬೆಂಕಿಗೆ ಕೇಬಲ್‌ಗಳು ಸುಟ್ಟು, ಸುಮಾರು 17 ಗಂಟೆ ಬ್ಲ್ಯಾಕೌಟ್ ಆಗಿತ್ತು. ಬೆಂಕಿ ಆರಿಸಲು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ಸ್ಟೀಮ್ ಜನರೇಟರುಗಳಿಗೆ (ಕರೆಂಟಿನದಲ್ಲ, ರಿಯಾಕ್ಟರಿನ ಶಾಖದಿಂದ ಉಗಿ ಮಾಡುವವು) ನೀರು ಹಾಯಿಸಿ ಸ್ಥಾವರವನ್ನು ಕಾಪಾಡಿದರು. ಅದು ನಿಜವಾಗಿ ತಾಳಿದ್ದು.

ಕೊನೆಯ ಪ್ರಶ್ನೆ ‘ಆಪರೇಬಲ್’ ಬಗ್ಗೆ, ಅಂದರೆ ಬೇಕಾದಾಗ ತನ್ನ ಕೆಲಸ ಮಾಡಬಲ್ಲದು ಅನ್ನೋ ಪದ. ಜನರೇಟರ್ ಅಲ್ಲಿ ‘ಇದೆ’ ಅಂದರೆ ನಿಯಮ ಒಪ್ಪುವುದಿಲ್ಲ. ಎಣ್ಣೆ, ಸ್ಟಾರ್ಟ್ ಮಾಡಲು ಒತ್ತಿಟ್ಟ ಗಾಳಿ, ತಣಿಸುವ ನೀರು, ನಿಯಂತ್ರಣದ ಕರೆಂಟ್, ಇವೆಲ್ಲ ಸರಿಯಿದ್ದರೆ ಮಾತ್ರ ಲೆಕ್ಕಕ್ಕೆ. ‘ಕಾರ್ಯನಿರತ’ ಅಂದರೆ ಈಗ ಓಡುತ್ತಿದೆ ಎಂದಾಗುತ್ತದೆ. ‘ಸುಸ್ಥಿತಿ’ ಅಂದರೆ ಕೆಟ್ಟಿಲ್ಲ ಅಂತ ಮಾತ್ರ. ‘ಅಣಿಯಾಗಿದೆ’ ಅನ್ನಬಹುದೇ? ‘ಎರಡನೇ ಜನರೇಟರ್ ಅಣಿಯಿಲ್ಲ’ ಅಂತ ಬರೆದರೆ ಅದು ಅಲ್ಲೇ ನಿಂತಿದೆ, ಆದರೆ ನೆಚ್ಚುವ ಹಾಗಿಲ್ಲ ಅಂತ ನಿಮಗೆ ಕೇಳಿಸುತ್ತದೆಯೇ? ವಿದ್ಯುತ್ ಇಲಾಖೆಯ ಕೆಲಸದಲ್ಲಿರುವವರು ಡ್ಯೂಟಿ ಬದಲಾಗುವಾಗ ಇದನ್ನು ಬಾಯಿಮಾತಿನಲ್ಲಿ ಹೇಗೆ ಹೇಳುತ್ತೀರಿ, ಆ ಮಾತನ್ನೇ ದಯವಿಟ್ಟು ಬರೆದು ಕಳಿಸಿ.